ಬ್ರೇಕ್ ಪ್ಯಾಡಿನ ಪಂಚಾಯ್ತಿ

ನಮ್ಮ ಬೀದಿಯಲ್ಲಿ ಯಾರ ಕಾರು ಬಂತೆಂದು ತಿಳಿಯಲು ಕಿಟಕಿಯಿಂದ ಇಣುಕಬೇಕಾಗಿಲ್ಲ, ಬ್ರೇಕಿನ ಸದ್ದು ಕೇಳಿದರೆ ಸಾಕು. ಮೂಲೆಮನೆಯ ನಿವೃತ್ತ ಮೇಷ್ಟರದು ಗೇಟಿನ ಮುಂದೆ ನಿಲ್ಲುವಾಗ ಸಣ್ಣಗೆ ‘ಕೀ’ ಎಂದು ಎಳೆಯುತ್ತದೆ. ಎದುರುಮನೆಯವರದು ‘ಗರ್ರ್’ ಎಂದು ಗದರಿ ನಿಲ್ಲುತ್ತದೆ. ಮೇಲಿನ ಮಹಡಿಯ ಹುಡುಗನ ಕಾರು ಮಾತ್ರ ತುಟಿಪಿಟಕ್ಕೆನ್ನುವುದಿಲ್ಲ; ಅವನು ಬ್ರೇಕು ಹಾಕಿದರೆ ತಾನೇ ಸದ್ದು ಬರುವುದು ಎಂದು ನನ್ನ ಹೆಂಡತಿ ಅನ್ನುತ್ತಾಳೆ. ಈ ಮೇಳಕ್ಕೆ ಈಚೆಗೆ ನಮ್ಮ ಕಾರೂ ದನಿಗೂಡಿಸಿತು.

ಸದ್ದು ಬಂದದ್ದೇ ತಡ, ಮನೆಯಲ್ಲಿ ತಲೆಗೊಂದು ಮಾತು. ಫ್ಯಾನ್ ಬೆಲ್ಟು ಎಂದ ಮಗ. ಚಕ್ರದ ಸಂದಿಗೆ ಕಲ್ಲು ಸಿಕ್ಕಿದೆ ಎಂದಳು ಹೆಂಡತಿ. ಊರಿನಿಂದ ಬಂದಿದ್ದ ಭಾವ, ತಮ್ಮ ಅಂಬಾಸಿಡರ್ ಇದರ ಹತ್ತುಪಟ್ಟು ಸದ್ದು ಮಾಡುತ್ತಿತ್ತೆಂದೂ ಅದರಲ್ಲೇ ಮೂರು ಮಕ್ಕಳ ಮದುವೆಯ ಓಡಾಟ ಮುಗಿಯಿತೆಂದೂ ಹೇಳಿ ಸುದ್ದಿಗೆ ಮಂಗಳ ಹಾಡಲು ನೋಡಿದರು. ಆದರೆ ಇದು ಸುಮ್ಮನೆ ಬರುವ ಸದ್ದಲ್ಲ, ಬರಲಿ ಎಂದೇ ಇಟ್ಟಿರುವ ಸದ್ದು. ಅನೇಕ ಬ್ರೇಕ್ ಪ್ಯಾಡುಗಳ ಒಂದು ಅಂಚಿನಲ್ಲಿ ಸಣ್ಣ ಉಕ್ಕಿನ ತಗಡೊಂದನ್ನು ಬಗ್ಗಿಸಿ ಕೂರಿಸಿರುತ್ತಾರೆ. ಹೊಸದಾಗಿ ಹತ್ತು ಹನ್ನೆರಡು ಮಿಲಿಮೀಟರ್ ದಪ್ಪವಿರುವ ಪ್ಯಾಡ್ ಸವೆದು ಎರಡು ಮೂರು ಮಿಲಿಮೀಟರಿಗೆ ಇಳಿದಾಗ ಆ ತಗಡು ತಿರುಗುವ ಡಿಸ್ಕಿಗೆ ತಗುಲಿ ಕಿರುಚುತ್ತದೆ. ‘ಸ್ವಾಮಿ, ನನ್ನ ಕೆಲಸ ಮುಗಿಯಿತು’ ಎಂದು ಇಷ್ಟು ಪ್ರಾಮಾಣಿಕವಾಗಿ ಬಾಯಿಬಿಟ್ಟು ಹೇಳುವ ಬಿಡಿಭಾಗ ಕಾರಿನಲ್ಲಿ ಇನ್ನೊಂದಿಲ್ಲ. ಹೇಳಿದ್ದನ್ನು ಕೇಳದೆ ಮ್ಯೂಸಿಕ್ ಸಿಸ್ಟಮ್ಮಿನ ವಾಲ್ಯೂಮ್ ಹೆಚ್ಚಿಸುವವರಿಗೆ ಮುಂದೆ ಬರುವುದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು, ಅದರ ಹಿಂದೆಯೇ ಡಿಸ್ಕಿನ ಬಿಲ್ಲು.

ಗ್ಯಾರೇಜಿನಲ್ಲಿ ಮೇಸ್ತ್ರಿ ಮುಂದಿನ ಚಕ್ರ ಬಿಚ್ಚಿ, ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಎತ್ತಿ, ಹಳೇ ಪ್ಯಾಡುಗಳನ್ನು ಹೊರಗೆಳೆದು ನನ್ನ ಅಂಗೈಯಲ್ಲಿಟ್ಟ. ಕಪ್ಪು ಪುಡಿ ಮೆತ್ತಿದ, ಬಿಸ್ಕತ್ತಿನಷ್ಟಗಲದ ಎರಡು ತುಂಡು. ಹೊರಬದಿಯದರಲ್ಲಿ ಇನ್ನೂ ಅರ್ಧದಷ್ಟು ಮಾಲಿತ್ತು, ಒಳಬದಿಯದು ಬೆನ್ನಿನ ತಗಡಿಗೆ ಬಳಿದ ಬಣ್ಣದಂತೆ ಉಳಿದಿತ್ತು. ಕ್ಯಾಲಿಪರ್ ಜಾರುವ ಪಿನ್ನುಗಳಲ್ಲಿ ಗ್ರೀಸ್ ಒಣಗಿ ಹಿಡಿದುಕೊಂಡರೆ ಹೀಗೆ ಒಂದೇ ಬದಿ ದುಡಿದು ಸಾಯುತ್ತದೆ. ಜೋಡಿಯಲ್ಲಿ ಒಬ್ಬರೇ ದುಡಿಯುವ ಸಂಸಾರದ ಬಗ್ಗೆ ಮೇಸ್ತ್ರಿ ಏನೋ ಹೇಳಹೊರಟವನು ನನ್ನ ಹೆಂಡತಿ ಪಕ್ಕದಲ್ಲೇ ನಿಂತಿದ್ದನ್ನು ಕಂಡು ಮಾತು ಬದಲಿಸಿದ. “ಸಾರ್, ಯಾವ್ದು ಹಾಕ್ಲಿ? ಕಂಪನಿದಾ, ಮೀಡಿಯಮ್ಮಾ, ಲೋಕಲ್ಲಾ? ಇಲ್ಲಾ ನೀವೇ ಜೆಸಿ ರೋಡಿಂದ ತಂದ್ಕೊಡ್ತೀರಾ?”

ಕಾರು ಕೊಳ್ಳುವಾಗ ಬಣ್ಣಕ್ಕೆ ಎರಡು ವಾರ ಚರ್ಚೆ ಮಾಡಿದವರು ನಾವು. ಸೀಟಿನ ಕವರಿಗೆ ಮೂರು ಅಂಗಡಿ ಹತ್ತಿಳಿದಿದ್ದೆವು. ಅದನ್ನು ನಿಲ್ಲಿಸುವ ಸಾಮಾನನ್ನು ಆರಿಸಲು ಸಿಕ್ಕಿದ್ದು ಮೇಸ್ತ್ರಿ ಬೀಡಿ ಹಚ್ಚಿ ಎರಡು ದಮ್ಮು ಎಳೆಯುವಷ್ಟು ಹೊತ್ತು. ಹಾಗಾಗಿ ಹಳೇ ಪ್ಯಾಡನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ನಾನೇ ಹೊರಟೆ.

ಜೆ.ಸಿ. ರಸ್ತೆ, ಅಂದರೆ ಜಯಚಾಮರಾಜೇಂದ್ರ ರಸ್ತೆ, ಬೆಂಗಳೂರಿನಲ್ಲಿ ಒಂದು ವಿಚಿತ್ರ ರಸ್ತೆ. ಟೌನ್‌ಹಾಲಿನ ಕಡೆಯಿಂದ ಹೊರಟರೆ ರವೀಂದ್ರ ಕಲಾಕ್ಷೇತ್ರ ಸಿಗುತ್ತದೆ, ಮಿನರ್ವ ಸರ್ಕಲ್ಲಿನತ್ತ ಸಾಗಿದಂತೆ ಕಾರಿನ ಬಿಡಿಭಾಗಗಳ ಅಂಗಡಿಗಳು. ನಾಟಕ ನೋಡಲು ಬಂದು ವೈಪರ್ ಬ್ಲೇಡ್ ಕೊಂಡು ಹೋದವರನ್ನು ನಾನು ಬಲ್ಲೆ. ಬೇರಿಂಗ್ ಕೊಳ್ಳಲು ಬಂದು ನಾಟಕ ನೋಡಿ ಹೋದವರನ್ನು ಇನ್ನೂ ಕಂಡಿಲ್ಲ. ಈ ಅಂಗಡಿಗಳ ಕೌಂಟರಿನಲ್ಲಿ ನಿಂತವರ ಜ್ಞಾಪಕಶಕ್ತಿಯನ್ನು ಕಂಡರೆ ಅವಧಾನಿಗಳೂ ಕೈಮುಗಿಯಬೇಕು. “ಯಾವ ಮಾಡೆಲ್? ಯಾವ ವರ್ಷ? ಎಬಿಎಸ್ ಇದ್ಯಾ? ಸ್ಯಾಂಪಲ್ ತಂದಿದ್ದೀರಾ?” ಎಂದು ನಾಲ್ಕು ಪ್ರಶ್ನೆ, ಸ್ಯಾಂಪಲನ್ನು ಒಮ್ಮೆ ತಿರುಗಿಸಿ ನೋಡುವುದು, ಒಳಗಿನ ಹುಡುಗನಿಗೆ ಒಂದು ಕೂಗು, ಐದು ಬೇರೆ ಬೇರೆ ಡಬ್ಬಿ ಕೌಂಟರಿನ ಮೇಲೆ. ಸ್ಯಾಂಪಲ್ ಕೇಳುವುದು ಶಿಷ್ಟಾಚಾರಕ್ಕಲ್ಲ. ಒಂದೇ ಹೆಸರಿನ ಕಾರಿಗೆ ವರ್ಷದಿಂದ ವರ್ಷಕ್ಕೆ ಕ್ಯಾಲಿಪರ್ ಬದಲಾಗಿರುತ್ತದೆ, ಪ್ಯಾಡಿನ ಕಿವಿ ಒಂದು ಮಿಲಿಮೀಟರ್ ದೊಡ್ಡದಾದರೂ ಅದು ತನ್ನ ಗೂಡಿನಲ್ಲಿ ಕೂರುವುದಿಲ್ಲ. ಕೂತರೂ ಅರದ ಸಹಾಯದಿಂದ, ಮೇಸ್ತ್ರಿಯ ಬೈಗುಳದೊಂದಿಗೆ.

ಐದು ಡಬ್ಬಿಗಳ ಮೇಲೂ ಒಂದೊಂದು ಭರವಸೆ. ಒಂದರ ಮೇಲೆ ಸಿಡಿಲು, ಒಂದರ ಮೇಲೆ ಚಿರತೆ, ಒಂದರ ಮೇಲೆ ಎಲ್ಲೋ ಯುರೋಪಿನ ತಿರುವಿನಲ್ಲಿ ಓರೆಯಾಗಿ ಹೋಗುತ್ತಿರುವ ಕೆಂಪು ಕಾರು. ಡಬ್ಬಿಯ ಚಿತ್ರ ನೋಡಿ ಪ್ಯಾಡ್ ಕೊಳ್ಳುವುದೂ ಫೋಟೋ ನೋಡಿ ಹೆಣ್ಣು ಒಪ್ಪುವುದೂ ಒಂದೇ ಎಂದು ಭಾವ ಹೇಳುತ್ತಾರೆ. ಅವರು ಅಕ್ಕನನ್ನು ಒಪ್ಪಿದ್ದೂ ಫೋಟೋ ನೋಡಿಯೇ, ಆ ಮಾತು ಬೇರೆ. ಓದಬೇಕಾದದ್ದು ಡಬ್ಬಿಯನ್ನಲ್ಲ, ಪ್ಯಾಡಿನ ಬೆನ್ನನ್ನು ಮತ್ತು ಅಂಚನ್ನು. ಅಲ್ಲಿ ಕಣ್ಣು ಕಿರಿದು ಮಾಡಿ ನೋಡಿದರೆ ಸಾಲೊಂದು ಕಾಣುತ್ತದೆ: ತಯಾರಕರ ಸಂಕೇತ, ಮಾಲಿನ ಸಂಕೇತ, ಕೊನೆಗೆ ಎರಡು ಇಂಗ್ಲಿಷ್ ಅಕ್ಷರ. ‘ಇಇ’, ‘ಎಫ್‌ಎಫ್’, ‘ಜಿಎಫ್’ ಹೀಗೆ.

ಈ ಎರಡಕ್ಷರದ ಜಾತಕ ಅಮೆರಿಕದ ವಾಹನ ಎಂಜಿನಿಯರುಗಳ ಸಂಘದ್ದು. ಮೊದಲ ಅಕ್ಷರ ಪ್ಯಾಡ್ ಸಾಧಾರಣ ಬಿಸಿಯಲ್ಲಿರುವಾಗ ಎಷ್ಟು ಹಿಡಿಯುತ್ತದೆ ಎಂಬುದನ್ನು ಹೇಳುತ್ತದೆ, ಎರಡನೆಯದು ಚೆನ್ನಾಗಿ ಕಾದ ಮೇಲೆ ಎಷ್ಟು ಎಂಬುದನ್ನು. ‘ಇ’ ಎಂದರೆ ಘರ್ಷಣಾಂಕ 0.25ರಿಂದ 0.35ರವರೆಗೆ, ‘ಎಫ್’ 0.35ರಿಂದ 0.45; ‘ಜಿ’ 0.45ರಿಂದ 0.55, ಅದರಾಚೆಗೆ ‘ಎಚ್’. ಪ್ಯಾಡನ್ನು ಡಿಸ್ಕಿಗೆ ನೂರು ಕಿಲೋ ಭಾರದಷ್ಟು ಒತ್ತಿದರೆ 0.4ರ ಪ್ಯಾಡ್ ನಲವತ್ತು ಕಿಲೋದಷ್ಟು ಜಗ್ಗುತ್ತದೆ ಎಂದು ಇಟ್ಟುಕೊಳ್ಳಿ. ಕಾದಾಗ ಅಕ್ಷರ ಕೆಳಗಿಳಿದರೆ, ಅಂದರೆ ‘ಎಫ್‌ಇ’ ಎಂದಿದ್ದರೆ, ಘಟ್ಟದ ಕೆಳಗೆ ಅದು ಮೇಲಿದ್ದಷ್ಟು ಉತ್ಸಾಹ ತೋರಿಸುವುದಿಲ್ಲ. ಎರಡೂ ಅಕ್ಷರ ಒಂದೇ ಆಗಿರುವ ಪ್ಯಾಡನ್ನು ನಾನು ಇಷ್ಟಪಡುತ್ತೇನೆ. ಮನುಷ್ಯರಲ್ಲಿ ಅಪರೂಪವಾದ ಗುಣ, ಕೆಲವು ಸಾವಿರ ರೂಪಾಯಿಯೊಳಗೆ ಸಿಗುತ್ತದಲ್ಲ!

ಅಕ್ಷರ ಮೇಲೇರಿದಷ್ಟೂ ಪ್ಯಾಡ್ ಒಳ್ಳೆಯದು ಎಂದುಕೊಳ್ಳುವುದು ಮಾತ್ರ ಸರಿಯಲ್ಲ. ಅದು ಬಾಳಿಕೆಯನ್ನೂ ಹೇಳುವುದಿಲ್ಲ, ಸದ್ದನ್ನೂ ಹೇಳುವುದಿಲ್ಲ, ನಮ್ಮ ಕಾರಿಗೆ ಹೊಂದುತ್ತದೆಯೇ ಎಂಬುದನ್ನಂತೂ ಹೇಳುವುದೇ ಇಲ್ಲ. ಮುಂದಿನ ಚಕ್ರ ಎಷ್ಟು ಹಿಡಿಯಬೇಕು, ಹಿಂದಿನದು ಎಷ್ಟು ಎಂಬ ಲೆಕ್ಕವನ್ನು ಕಾರು ಮಾಡಿದವರು ಮೊದಲೇ ಹಾಕಿಟ್ಟಿರುತ್ತಾರೆ. ನಮ್ಮ ಸಣ್ಣ ಕಾರುಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ನಿಲ್ಲಿಸುವ ಕೆಲಸದ ಹೆಚ್ಚುಪಾಲು ಮುಂದಿನವುಗಳ ಹೆಗಲ ಮೇಲೆ. ಮುಂದಕ್ಕೆ ಮಾತ್ರ ಮಹಾ ಹಿಡಿತದ ಪ್ಯಾಡ್ ತುರುಕಿದರೆ ಆ ಲೆಕ್ಕ ತಪ್ಪುತ್ತದೆ. ಯುರೋಪಿನವರಿಗೆ ಇದಕ್ಕೆಂದೇ ಆರ್90 ಎಂಬ ನಿಯಮವಿದೆ: ಬದಲಿ ಪ್ಯಾಡ್ ಮೂಲ ಪ್ಯಾಡಿಗಿಂತ ಶೇಕಡ 15ನ್ನು ಮೀರಿ ಕಡಿಮೆಯೂ ಹಿಡಿಯಬಾರದು, ಹೆಚ್ಚೂ ಹಿಡಿಯಬಾರದು. ಪಾಸಾದ ಪ್ಯಾಡಿನ ಬೆನ್ನಿನಲ್ಲಿ ವೃತ್ತದೊಳಗೆ ‘ಇ’ ಅಕ್ಷರ, ಪಕ್ಕದಲ್ಲಿ ದೇಶದ ಸಂಖ್ಯೆ ಇರುತ್ತದೆ. ಹೆಚ್ಚು ಅಂಕ ತೆಗೆದವನನ್ನೂ ಫೇಲು ಮಾಡುವ ಪರೀಕ್ಷೆ ಇದೊಂದೇ ಇರಬೇಕು. ಚಿರತೆಯ ಚಿತ್ರಕ್ಕಿಂತ ಆ ಪುಟ್ಟ ವೃತ್ತಕ್ಕೆ ನನ್ನ ಓಟು.

ಈ ಪ್ಯಾಡಿನೊಳಗೆ ಇರುವುದಾದರೂ ಏನು ಎಂದು ಕೌಂಟರಿನವರನ್ನು ಕೇಳಿದೆ. “ಅದೆಲ್ಲ ಕಂಪನಿ ಸೀಕ್ರೆಟ್ ಸಾರ್” ಎಂದರು, ತಮ್ಮದೇ ಸೀಕ್ರೆಟ್ ಎನ್ನುವ ಹಾಗೆ. ಗುಟ್ಟೆಂಬುದು ನಿಜ. ಒಂದು ಪ್ಯಾಡಿನಲ್ಲಿ ಹತ್ತು ಇಪ್ಪತ್ತು ಬಗೆಯ ಸಾಮಾನು ಬಿದ್ದಿರುತ್ತದೆ, ಪ್ರಮಾಣವನ್ನು ಯಾರೂ ಬಾಯಿಬಿಡುವುದಿಲ್ಲ. ಎಲ್ಲವನ್ನೂ ಹಿಡಿದಿಡುವ ಒಂದು ಅಂಟು, ಬಲಕ್ಕೆ ನಾರು, ಜಾರಲು ಗ್ರಾಫೈಟು, ಉಜ್ಜಲು ಗಟ್ಟಿ ಪುಡಿ, ಜಾಗ ತುಂಬಲು ಅಗ್ಗದ ಖನಿಜ. ಆಮೇಲೆ ಮನೆಯಲ್ಲಿ ಓದುತ್ತಾ ಕೂತಾಗ ಇವುಗಳ ನಡುವೆ ಒಂದು ಸಾಮಾನಿನ ಹೆಸರು ಕಂಡು ನನಗೆ ಕುರ್ಚಿಯಿಂದ ಎದ್ದು ಕೂಗುವಷ್ಟು ಸಂತೋಷವಾಯಿತು: ಗೇರುಬೀಜದ ಸಿಪ್ಪೆಯ ಎಣ್ಣೆ.

ನಮ್ಮ ದಕ್ಷಿಣ ಕನ್ನಡದ ಮಕ್ಕಳಿಗೆ ಈ ಎಣ್ಣೆಯ ಪರಿಚಯ ಹೇಳಬೇಕಾಗಿಲ್ಲ. ಬೇಸಗೆ ರಜೆಯಲ್ಲಿ ಗುಡ್ಡೆಯಿಂದ ಆಯ್ದು ತಂದ ಹಸಿ ಬೀಜಗಳನ್ನು ಅಂಗಳದ ಮೂಲೆಯಲ್ಲಿ ತರಗೆಲೆ ಒಟ್ಟಿ ಸುಡುವಾಗ ಅದು ಚಟಚಟನೆ ಸಿಡಿದು ಬೆಂಕಿಯನ್ನೇ ಹೊತ್ತಿಸುತ್ತಿತ್ತು. ಆತುರಕ್ಕೆ ಹಲ್ಲಿನಲ್ಲಿ ಕಚ್ಚಿ ಒಡೆದವರ ತುಟಿ ಬೊಬ್ಬೆ ಎದ್ದು ಎರಡು ದಿನ ಉಪ್ಪಿನಕಾಯಿ ಮುಟ್ಟುವಂತಿರಲಿಲ್ಲ. ಬೀಜ ಸುಲಿದ ಬೆರಳುಗಳು ಕಪ್ಪಾಗಿ, ಚರ್ಮ ಕಿತ್ತು ಬರುತ್ತಿತ್ತು. ಶಾಲೆ ಶುರುವಾದ ದಿನ ಯಾರ ಮನೆಯಲ್ಲಿ ಗೇರುಮರವಿದೆಯೆಂದು ಮಾಸ್ತರರು ಕೈ ನೋಡಿಯೇ ಹೇಳುತ್ತಿದ್ದರು. ಅದೇ ದುಷ್ಟ ಎಣ್ಣೆಯನ್ನು ಕಾಯಿಸಿ, ಗಟ್ಟಿಗಟ್ಟಿಸಿ, ಪುಡಿ ಮಾಡಿದರೆ ಬ್ರೇಕಿನ ಮಾಲಿಗೆ ಹೇಳಿ ಮಾಡಿಸಿದಂಥ ವಸ್ತುವಾಗುತ್ತದೆ. ಬಿಸಿಯಾದರೂ ಹಿಡಿತ ಏರುಪೇರಾಗದಂತೆ, ಡಿಸ್ಕಿನ ಮೇಲೆ ಒರಟಾಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಮಂಗಳೂರು, ಕಾರ್ಕಳದ ಕಡೆ ಗೇರುಬೀಜ ಕಾರ್ಖಾನೆಗಳಲ್ಲಿ ತಿರುಳು ಡಬ್ಬಿ ಸೇರಿದ ಮೇಲೆ ಉಳಿಯುವ ಸಿಪ್ಪೆಗೂ ಹೀಗೊಂದು ಸದ್ಗತಿಯುಂಟು. ತಿರುಳು ತಿಂದವರು ದಪ್ಪಗಾಗುತ್ತಾರೆ, ಸಿಪ್ಪೆ ಅವರನ್ನು ಕೂರಿಸಿಕೊಂಡ ಕಾರನ್ನು ನಿಲ್ಲಿಸುತ್ತದೆ. ಇಷ್ಟು ಸಾಲದೆಂದು ಭಾವ, ಹಾಗಾದರೆ ಬ್ರೇಕ್ ಪ್ಯಾಡಿಗೂ ನಮ್ಮ ಜಿಲ್ಲೆಯ ಹೆಸರಿಡಬಹುದಿತ್ತು ಎಂದರು.

ಬ್ರೇಕಿಗೆ ಹೀಗೆ ಕೈಗೆ ಸಿಕ್ಕಿದ್ದನ್ನು ಹಾಕಿದ ಚರಿತ್ರೆ ದೊಡ್ಡದು. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬಾಕೆ ಗಂಡನಿಗೆ ಹೇಳದೆ, ಗಂಡನೇ ಕಟ್ಟಿದ್ದ ಮೂರು ಚಕ್ರದ ಮೋಟಾರು ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ತವರಿಗೆ ಹೊರಟಳು. ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ತುಸು ಹೆಚ್ಚು. ಅಷ್ಟು ದೂರ ಅಂಥ ಗಾಡಿಯಲ್ಲಿ ಅದುವರೆಗೆ ಯಾರೂ ಹೋಗಿರಲಿಲ್ಲ. ಏರು ಬಂದಲ್ಲಿ ಮಕ್ಕಳು ಇಳಿದು ತಳ್ಳಿದರು. ಇಳಿಜಾರಿನಲ್ಲಿ ತೊಂದರೆ ಬೇರೆಯದು: ಬ್ರೇಕಿನ ಮರದ ತುಂಡು ಸವೆಯಿತು. ಆಕೆ ದಾರಿಯ ಹಳ್ಳಿಯೊಂದರಲ್ಲಿ ಮೋಚಿಯನ್ನು ಹುಡುಕಿ ಅದರ ಮೇಲೆ ತೊಗಲು ಹೊಡೆಸಿಕೊಂಡಳು. ಮೋಟಾರು ಗಾಡಿಗೆ ಬ್ರೇಕ್ ಲೈನಿಂಗ್ ಹಾಕಿಸಿದ ಮೊದಲಿಗಳು ಎಂದು ಆಕೆಯನ್ನು ಇವತ್ತಿಗೂ ನೆನೆಯುತ್ತಾರೆ. ತವರಿಗೆ ಹೋಗಲೇಬೇಕೆಂದು ಹೊರಟ ಹೆಂಗಸನ್ನು ತಡೆಯುವ ಬ್ರೇಕು ಲೋಕದಲ್ಲಿಲ್ಲ ಎಂದು ನಾನು ಈ ಕಥೆಗೆ ಟಿಪ್ಪಣಿ ಸೇರಿಸಿದ್ದಕ್ಕೆ ಮನೆಯಲ್ಲಿ ಆ ಹೊತ್ತಿನ ಕಾಫಿ ತಡವಾಯಿತು.

ಮುಂದೆ ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಎಂಬಾತ ಡರ್ಬಿಶೈರ್ ಗುಡ್ಡಗಾಡಿನ ಗಾಡಿ ಹೊಡೆಯುವವರು ಮರದ ಬ್ರೇಕಿಗೆ ಹಳೇ ಬೂಟುಗಳನ್ನು ಕಟ್ಟುವುದನ್ನು ನೋಡಿದನಂತೆ. ಅದೇ ಎಳೆ ಹಿಡಿದು 1897ರಲ್ಲಿ ಬ್ರೇಕಿನ ಮಾಲು ತಯಾರಿಸಲು ತೊಡಗಿದ. ಅವನ ಫೆರೋಡೊ ಹೆಸರಿನ ಡಬ್ಬಿ ಇವತ್ತೂ ಅಂಗಡಿಗಳಲ್ಲಿದೆ. ಇದನ್ನು ಓದುವಾಗ ನನಗೆ ನಮ್ಮೂರ ಬಾಡಿಗೆ ಸೈಕಲ್ಲುಗಳ ಜ್ಞಾಪಕ ಬಂತು. ಅವುಗಳಿಗೆ ಬೆಲ್ಲು ಇರುತ್ತಿತ್ತು, ಬ್ರೇಕು ಇರುತ್ತಿರಲಿಲ್ಲ. ಇಳಿಜಾರಿನಲ್ಲಿ ಬಲಗಾಲಿನ ಹವಾಯಿ ಚಪ್ಪಲಿಯನ್ನು ಮುಂದಿನ ಟಯರಿಗೆ ಒತ್ತುವುದೇ ದಾರಿ. ಬಲದ ಚಪ್ಪಲಿ ಮಾತ್ರ ಹೇಗೆ ಸವೆಯುತ್ತದೆಂದು ನನ್ನ ಅಮ್ಮ ಬಹುಕಾಲ ಯೋಚಿಸಿದ್ದಳು.

ತೊಗಲು, ಬೂಟು, ಹತ್ತಿಬಟ್ಟೆಯ ಪಟ್ಟಿ ಎಲ್ಲ ಆದ ಮೇಲೆ ಬಂದದ್ದು ಕಲ್ನಾರು. ಸುಡದು, ಅಗ್ಗ, ಗಟ್ಟಿ. ಇಪ್ಪತ್ತನೇ ಶತಮಾನದ ಬಹುಪಾಲು ಅದರದೇ ರಾಜ್ಯಭಾರ. ಅದರ ಧೂಳು ಶ್ವಾಸಕೋಶಕ್ಕೆ ಹೊಕ್ಕು ಕ್ಯಾನ್ಸರ್ ತರುತ್ತದೆಂದು ಖಚಿತವಾದ ಮೇಲೆ ಒಂದೊಂದೇ ದೇಶ ಅದನ್ನು ಹೊರಗಟ್ಟಿತು. ಅದಕ್ಕೇ ಈಗಿನ ಡಬ್ಬಿಗಳ ಮೇಲೆ ‘ಆಸ್ಬೆಸ್ಟಾಸ್ ಇಲ್ಲ’ ಎಂದು ಅಚ್ಚು ಹಾಕಿರುತ್ತಾರೆ. ಇಲ್ಲದಿದ್ದರೂ ಬ್ರೇಕಿನ ಧೂಳು ಮೂಗಿಗೆ ಒಳ್ಳೆಯದಲ್ಲ. ಮೇಸ್ತ್ರಿ ಏರ್ ಪೈಪ್ ಹಿಡಿದು ‘ಬುಸ್’ ಎಂದು ಊದಲು ಹೊರಟಾಗ ನಾನು ಒದ್ದೆ ಬಟ್ಟೆ ಕೊಟ್ಟು ದೂರ ನಿಲ್ಲುತ್ತೇನೆ.

ಈಗ ಅಂಗಡಿಯಲ್ಲಿ ಸಿಗುವುದು ಮೂರು ಕುಲ. ಲೋಹ ಹೆಚ್ಚಿಲ್ಲದ ಸಾಧು ಸ್ವಭಾವದ ಆರ್ಗ್ಯಾನಿಕ್. ತೂಕದಲ್ಲಿ ಸಾಕಷ್ಟು ಪಾಲು ಉಕ್ಕಿನ ನಾರೂ ಕಬ್ಬಿಣದ ಪುಡಿಯೂ ಇರುವ ಸೆಮಿಮೆಟಾಲಿಕ್. ಸದ್ದಿಲ್ಲದ, ಚಕ್ರಕ್ಕೆ ಮಸಿ ಬಳಿಯದ, ದುಬಾರಿ ಸೆರಾಮಿಕ್. ಮೊದಲನೆಯದು ಬೇಗ ಸವೆಯುತ್ತದೆ, ಡಿಸ್ಕನ್ನು ಉಳಿಸುತ್ತದೆ. ಎರಡನೆಯದು ಬಿಸಿಯನ್ನು ತಡೆಯುತ್ತದೆ, ಡಿಸ್ಕನ್ನು ತಿನ್ನುತ್ತದೆ, ಅಲಾಯ್ ಚಕ್ರವನ್ನು ವಾರದಲ್ಲಿ ಕಪ್ಪು ಮಾಡುತ್ತದೆ. ನಾಲ್ಕನೆಯ ಕುಲವೊಂದಿದೆ, ಅದರ ವಕಾಲತ್ತು ವಹಿಸಿದ್ದು ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ. “ಮಾವ, ಹೇಗೂ ಬದಲಾಯಿಸ್ತಿದ್ದೀರಲ್ಲ, ರೇಸಿಂಗ್ ಪ್ಯಾಡ್ ಹಾಕಿಸಿ. ಸುಮ್ನೆ ಟಚ್ ಮಾಡಿದ್ರೆ ಸಾಕು, ಗೋಡೆಗೆ ಹೊಡೆದ ಹಾಗೆ ನಿಲ್ತದೆ.” ನಾನು ಬ್ರೇಕು ಹಾಕುವುದೇ ಗೋಡೆಗೆ ಹೊಡೆಯಬಾರದೆಂದು, ಮಾರಾಯ!

ರೇಸಿನ ಪ್ಯಾಡ್ ರಸ್ತೆಗೇಕೆ ಬೇಡ ಎಂಬುದನ್ನು ಅಡುಗೆಮನೆಯ ಲೆಕ್ಕದಲ್ಲಿ ಹೇಳಬಹುದು. ಬ್ರೇಕು ಹಾಕುವುದೆಂದರೆ ಓಟವನ್ನು ಶಾಖ ಮಾಡುವುದು, ಬೇರೇನಿಲ್ಲ. ಜನರನ್ನೂ ಸೇರಿಸಿ ಒಂದು ಟನ್ ತೂಗುವ ಸಣ್ಣ ಕಾರು ಗಂಟೆಗೆ 80 ಕಿಲೋಮೀಟರಿನಿಂದ ಪೂರ್ತಿ ನಿಂತರೆ ಹುಟ್ಟುವ ಶಾಖದಲ್ಲಿ ಮುಕ್ಕಾಲು ಲೀಟರ್ ತಣ್ಣೀರು ಕುದಿಯುತ್ತದೆ, ನಾಲ್ಕೈದು ಜನರ ಕಾಫಿಗೆ ಸಾಕು. 20ರಿಂದ ನಿಂತರೆ? ವೇಗ ಕಾಲುಭಾಗವಾದರೆ ಶಾಖ ಹದಿನಾರರಲ್ಲೊಂದು ಪಾಲು. ಒಂದು ಲೋಟ ನೀರು ಉಗುರುಬೆಚ್ಚಗಾದರೆ ಹೆಚ್ಚು. ರೇಸಿನ ಪ್ಯಾಡು ಕಾದು ಕೆಂಡವಾದ ಡಿಸ್ಕಿನ ಮೇಲೆ ದುಡಿಯಲು ಹುಟ್ಟಿದ್ದು, ತಣ್ಣಗಿದ್ದಾಗ ಮರದ ತುಂಡಿನ ಹಾಗೆ ಜಾರುತ್ತದೆ. ಸಿಲ್ಕ್‌ಬೋರ್ಡಿನಲ್ಲಿ ತೆವಳುವ ನನ್ನ ಕಾರಿನಲ್ಲಿ ಅದು ಎಂದು ಕಾದೀತು? ಬೆಳಗ್ಗೆ ಗೇಟು ದಾಟಿದ ಕೂಡಲೇ ಅಡ್ಡ ಬರುವ ಹಾಲಿನ ಹುಡುಗನಿಗಾಗಿ ಮೊದಲ ಒತ್ತಿಗೇ ಹಿಡಿಯುವ ಪ್ಯಾಡ್ ಬೇಕು. ‘ಸ್ವಲ್ಪ ಇರಪ್ಪ, ಪ್ಯಾಡ್ ಇನ್ನೂ ಬಿಸಿಯಾಗಿಲ್ಲ’ ಎಂದು ಆತನಿಗೆ ಹೇಳಲಾದೀತೆ?

ಆದರೆ ಊರಿಗೆ ಹೋಗುವುದಿದೆಯಲ್ಲ. ಬೆಂಗಳೂರಿನಲ್ಲಿರುವ ಕರಾವಳಿಯವರಿಗೆ ಬ್ರೇಕಿನ ವಿಚಾರದಲ್ಲಿ ಎರಡು ಜನ್ಮ: ವಾರವೆಲ್ಲ ತೆವಳಾಟ, ಹಬ್ಬಕ್ಕೆ ಘಟ್ಟ. ಶಿರಾಡಿಯೋ ಚಾರ್ಮಾಡಿಯೋ, ಮದುವೆ ಮನೆ ಶೃಂಗೇರಿಯ ಕಡೆಗಿದ್ದರೆ ಆಗುಂಬೆಯ ಹದಿನಾಲ್ಕು ತಿರುವುಗಳೋ. ಒಂದು ಟನ್ ಕಾರು ನೂರು ಮೀಟರ್ ಕೆಳಗಿಳಿದರೆ ಕಳೆದುಕೊಳ್ಳುವ ಶಕ್ತಿಯಲ್ಲಿ ಮೂರು ಲೀಟರ್ ನೀರು ಕುದಿಯುತ್ತದೆ. ಐನೂರು ಮೀಟರ್ ಇಳಿಯುವ ಘಟ್ಟವೆಂದರೆ ಬಚ್ಚಲೊಲೆಯ ಒಂದು ಬಕೆಟ್ ನೀರು. ಅದಿಷ್ಟನ್ನೂ ಅಂಗೈಯಗಲದ ಪ್ಯಾಡುಗಳ ತಲೆಗೇ ಕಟ್ಟಿದರೆ ಅಂಟು ಬೆಂದು ಹೊಗೆಯಾಡುತ್ತದೆ, ಹಿಡಿತ ಸಡಿಲುತ್ತದೆ. ಘಟ್ಟದ ಬುಡದಲ್ಲಿ ಮೂಗಿಗೆ ಹೊಡೆಯುವ ಸುಟ್ಟವಾಸನೆ ಅದೇ. ಇದಕ್ಕೆ ಮದ್ದು ದುಬಾರಿ ಪ್ಯಾಡಿನಲ್ಲಿಲ್ಲ, ಎಡಗೈಯಲ್ಲಿದೆ: ಹತ್ತುವಾಗ ಹಾಕಿದ ಗೇರನ್ನೇ ಇಳಿಯುವಾಗಲೂ ಹಾಕುವುದು. ಎಂಜಿನ್ ಜಗ್ಗಿ ಹಿಡಿಯುತ್ತದೆ, ಪ್ಯಾಡಿಗೆ ಉಸಿರಾಡಲು ಬಿಡುವು ಸಿಗುತ್ತದೆ. ಪೆಟ್ರೋಲ್ ಉಳಿಸುತ್ತೇನೆಂದು ನ್ಯೂಟ್ರಲ್ಲಿನಲ್ಲಿ ಘಟ್ಟ ಇಳಿಯುವ ಮಹಾನುಭಾವರಿಗೆ ಯಾವ ಡಬ್ಬಿಯ ಚಿರತೆಯೂ ಸಹಾಯಕ್ಕೆ ಬರುವುದಿಲ್ಲ.

ಬ್ರೇಕ್ ಆಯಿಲ್ಲಿನ ಮಾತನ್ನೂ ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಅದನ್ನು ಯಾರೂ ಕೇಳುವುದಿಲ್ಲ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 3 ದರ್ಜೆಯದು ಹೊಸತಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮ. ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಟ್ಟದ ನಡುವೆ ಅದು ಕುದಿದು ಗುಳ್ಳೆ ಎದ್ದರೆ ಪೆಡಲು ಪಾತಾಳಕ್ಕೆ. ಮಳೆನಾಡಿನ ಕಾರುಗಳಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸದೆ ಬಿಡಬಾರದು.

ಐದು ಡಬ್ಬಿಗಳಲ್ಲಿ ಒಂದರ ಮೇಲೆ ಮೂರು ಪುಟ್ಟ ಎಲೆಗಳ ಚಿತ್ರವಿತ್ತು. ಆಯುರ್ವೇದದ್ದೇ ಎಂದು ಕೇಳುವ ಮನಸ್ಸಾಯಿತು. ಅದು ಅಮೆರಿಕದ ಗುರುತು, ಪ್ಯಾಡಿನಲ್ಲಿ ತಾಮ್ರ ಹೆಚ್ಚುಕಡಿಮೆ ಇಲ್ಲವೆಂಬುದಕ್ಕೆ. ಸವೆದ ಪ್ಯಾಡಿನ ತಾಮ್ರ ಮಳೆನೀರಿನೊಂದಿಗೆ ಹೊಳೆ ಸೇರಿದರೆ ಸಾಲ್ಮನ್ ಮೀನಿನ ವಾಸನೆ ಹಿಡಿಯುವ ಶಕ್ತಿ ಕುಗ್ಗುತ್ತದೆ, ತಿನ್ನಲು ಬರುವ ಶತ್ರುವಿನ ಸುಳಿವೇ ಅದಕ್ಕೆ ಹತ್ತುವುದಿಲ್ಲ. ಹಾಗೆಂದು ವಾಷಿಂಗ್ಟನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳು 2010ರಲ್ಲಿ ಕಾನೂನು ಮಾಡಿದವು. ಮೀನಿನ ಮೂಗಿಗಾಗಿ ಕಾರಿನ ಬ್ರೇಕು ಬದಲಿಸಿದ ಆ ಶಾಸಕರ ಬಗ್ಗೆ ನನಗೆ ಗೌರವ ಮೂಡಿತು. ನಮ್ಮ ವೃಷಭಾವತಿ ಹೊಳೆಯ ಮಾತು ಬೇರೆ. ಅದಕ್ಕೆ ತಾಮ್ರ ಸೇರಿದರೂ ಅಲ್ಲಿ ಈಗಾಗಲೇ ಸೇರಿರುವವುಗಳ ನಡುವೆ ಗುರುತು ಹಿಡಿಯುವವರಾರು?

ಕೊನೆಗೆ ಉಳಿದದ್ದು ಸದ್ದಿನ ಪ್ರಶ್ನೆ. ಹೊಸ ಪ್ಯಾಡ್ ಹಾಕಿದ ಮೇಲೂ ಕೆಲವು ಕಾರು ಕೀಚಲಾಡುತ್ತವೆ, ಒಡೆಯ ಅಂಗಡಿಯವನನ್ನು ಬಯ್ಯುತ್ತಾನೆ. ಇದು ಸವೆದ ತಗಡಿನ ಕಿರುಚಾಟವಲ್ಲ. ಪ್ಯಾಡು ಡಿಸ್ಕನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿದು ಸೆಕೆಂಡಿಗೆ ಸಾವಿರಾರು ಸಲ ನಡುಗಿದಾಗ ಬರುವ ನಾದ. ಪಿಟೀಲಿನ ಕಮಾನು ತಂತಿಯ ಮೇಲೆ ಮಾಡುವುದೂ ಭೌತಶಾಸ್ತ್ರದ ಲೆಕ್ಕದಲ್ಲಿ ಅದನ್ನೇ. ನಾಲ್ಕು ತಂತಿ ಸಾಲದೆಂದು ಏಳು ತಂತಿಯ ಪಿಟೀಲು ನುಡಿಸಿದ ಚೌಡಯ್ಯನವರ ನಾಡಿನಲ್ಲಿ ಬ್ರೇಕಿನ ನಾದವನ್ನು ಸಹಿಸದಿರುವುದು ಅರಸಿಕತನವೆಂದು ವಾದಿಸಬಹುದು, ಆದರೆ ಬೀದಿಯವರು ಒಪ್ಪುವುದಿಲ್ಲ. ಪರಿಹಾರ ಸರಳ: ಪ್ಯಾಡಿನ ಬೆನ್ನಿಗೆ ಬರುವ ತೆಳು ಶಿಮ್ಮುಗಳನ್ನು ಮೇಸ್ತ್ರಿ ‘ಇದು ಎಕ್ಸ್‌ಟ್ರಾ’ ಎಂದು ಎಸೆಯದಂತೆ ನೋಡಿಕೊಳ್ಳುವುದು, ಪಿನ್ನುಗಳಿಗೆ ಶಾಖ ತಡೆಯುವ ಗ್ರೀಸು ಹಚ್ಚಿಸುವುದು. ಪ್ಯಾಡಿನ ಮುಖಕ್ಕೆ ಮಾತ್ರ ಅದು ಸೋಕಬಾರದು.

ನಾನು ಆರಿಸಿದ್ದು ಐದರಲ್ಲಿ ಅತ್ಯಂತ ಸಪ್ಪೆ ಡಬ್ಬಿ. ಸಿಡಿಲಿಲ್ಲ, ಚಿರತೆಯಿಲ್ಲ, ಬಿಳಿ ರಟ್ಟಿನ ಮೇಲೆ ಪಾರ್ಟ್ ನಂಬರು, ಪ್ಯಾಡಿನ ಅಂಚಿನಲ್ಲಿ ‘ಎಫ್‌ಎಫ್’. ಕಾರು ಹೊಸತಿದ್ದಾಗ ಅದರಲ್ಲಿದ್ದದ್ದೂ ಅದೇ ಎಂದು ಸ್ಯಾಂಪಲಿನ ಅಂಚು ತೊಳೆದು ನೋಡಿದಾಗ ಗೊತ್ತಾಯಿತು. ಅಂಗಡಿಯವರಿಗೆ ತುಸು ನಿರಾಸೆಯಾದಂತಿತ್ತು. ಅಕ್ಕನ ಮಗನಿಗೆ ಪೂರ್ತಿ. ಸಂತೆ, ಶಾಲೆ, ಆಸ್ಪತ್ರೆ, ಊರು ಎಂದು ಓಡುವ ಕಾರಿಗೆ ಅದನ್ನು ಕಟ್ಟಿದವರು ಕೊಟ್ಟದ್ದಕ್ಕಿಂತ ಹೆಚ್ಚಿನ ಪ್ಯಾಡು ಬೇಕಿಲ್ಲ, ಅದಕ್ಕಿಂತ ಕಡಿಮೆಯದು ಕೂಡದು, ಬಿಲ್ಲಿಲ್ಲದೆ ಕೊಳ್ಳಲೇ ಕೂಡದು. ಮಿಕ್ಕ ಪಂಚಾಯ್ತಿಯೆಲ್ಲ ನಮ್ಮ ಸಂತೋಷಕ್ಕೆ.

ಹಾಕಿಸುವಾಗ ಪಕ್ಕದಲ್ಲೇ ನಿಂತಿರಿ. ಎಡ ಬಲ ಎರಡನ್ನೂ ಒಟ್ಟಿಗೇ ಬದಲಿಸಲಿ. ಡಿಸ್ಕಿನ ಅಂಚಿನಲ್ಲೋ ನಡುವಿನಲ್ಲೋ ಕನಿಷ್ಠ ದಪ್ಪವನ್ನು ಕೆತ್ತಿರುತ್ತಾರೆ, ಅಳೆದು ನೋಡಿಸಿ; ಅದಕ್ಕಿಂತ ಸವೆದ ಡಿಸ್ಕನ್ನು ಲೇತಿಗೆ ಕೊಟ್ಟು ಪ್ರಯೋಜನವಿಲ್ಲ. ಮೊದಲ ದಿನಗಳಲ್ಲಿ ಹೊಸ ಪ್ಯಾಡನ್ನು ಪಳಗಿಸಬೇಕು: ಐವತ್ತರ ವೇಗದಿಂದ ಹತ್ತಕ್ಕೆ ಮೆಲ್ಲಗೆ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ಓಡಿಸುವುದು, ಹೀಗೆ ಹತ್ತು ಹದಿನೈದು ಬಾರಿ. ಬೆಂಗಳೂರಿನಲ್ಲಿ ಐವತ್ತರ ವೇಗ ಸಿಗುವುದು ಬೆಳಗಿನ ಐದು ಗಂಟೆಗೆ, ಆದ್ದರಿಂದ ಅಲಾರಂ ಇಟ್ಟುಕೊಳ್ಳಿ. ಎಲ್ಲಕ್ಕಿಂತ ಮುಂಚೆ, ಗ್ಯಾರೇಜಿನಿಂದ ಕಾರನ್ನು ಒಂದಡಿ ಕದಲಿಸುವುದಕ್ಕೂ ಮೊದಲು, ನಿಂತಲ್ಲೇ ಪೆಡಲನ್ನು ನಾಲ್ಕಾರು ಸಲ ಒತ್ತಿ ಅದು ಗಟ್ಟಿಯಾಗುವುದನ್ನು ಕಾಲಲ್ಲೇ ನೋಡಿಕೊಳ್ಳಿ. ಹೊಸ ಪ್ಯಾಡ್ ಕೂರಿಸಲು ಕ್ಯಾಲಿಪರಿನ ಪಿಸ್ಟನ್ನನ್ನು ಒಳಗೆ ತಳ್ಳಿರುತ್ತಾರೆ. ಮೊದಲ ಒತ್ತಿಗೆ ಬ್ರೇಕು ಇರುವುದೇ ಇಲ್ಲ.